ಮಹಿಮೆಗೆ ಗುಣಾಕಾರ, ಅರಿವಿಗೆ ಭಾಗಾಕಾರ

ಟಿಎಂಸಿ, ಲಕ್ಷ ಕೋಟಿ, ಎಂಬತ್ನಾಲ್ಕು ಲಕ್ಷ, ಮಹಾಕ್ಷೋಭ. ಎಣಿಸಿ ಮುಗಿಸಲಾಗದ ಸಂಖ್ಯೆಗಳನ್ನು ಭೀಮಾ ತೀರದ ಜನ ಸಾವಿರ ವರ್ಷಗಳಿಂದ ಹೇಗೆ ಹೇಳಿದರು, ಹೇಗೆ ಹಿಡಿದರು?

ಬೇಸಿಗೆ ಏರತೊಡಗಿದಂತೆ ಭೀಮಾ ದಂಡೆಯ ಊರುಗಳಲ್ಲಿ ಒಂದು ಪ್ರಶ್ನೆ ಓಡಾಡುತ್ತದೆ: ‘ಉಜನಿ ಎಷ್ಟಕ್ಕ ಬಂತು?’ ಉತ್ತರವೂ ಅಷ್ಟೇ ಚುಟುಕು: ‘ಮೈನಸ್ ಇಪ್ಪತ್ತ.’

ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಭಂಡಾರಕವಠೆ ಇಂಥ ಊರುಗಳಲ್ಲಿ ಒಂದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಹೊಲದಲ್ಲಿ ಕಬ್ಬು, ಊರಿನಲ್ಲೇ ಸಕ್ಕರೆ ಕಾರ್ಖಾನೆ. ಇವೆಲ್ಲಕ್ಕೂ ಬೇಕಾದ ನೀರು ಭೀಮೆಯದು, ಅಂದರೆ ಮೇಲಿನ ಉಜನಿ ಅಣೆಕಟ್ಟಿನದು. ಹಾಗಾಗಿ ಉಜನಿಯ ಅಂಕಿ ಇಲ್ಲಿ ಪಂಚಾಂಗದ ತಿಥಿಯಷ್ಟೇ ಸಹಜವಾಗಿ ಬಾಯಿಗೆ ಬರುತ್ತದೆ.

ಹೊರಗಿನವರಿಗೆ ಆ ಅಂಕಿ ವಿಚಿತ್ರ ಎನಿಸೀತು. ಸೊನ್ನೆಗಿಂತ ಕಡಿಮೆ ನೀರು ಇರುವುದೆಂದರೇನು? ಇದೇ ಜನ ಮಳೆಗಾಲದಲ್ಲಿ ‘ಉಜನಿ ನೂರಾ ಹನ್ನೊಂದ ಪರ್ಸೆಂಟ್ ತುಂಬ್ಯಾದ’ ಎಂದೂ ಹೇಳುತ್ತಾರೆ. ಸೊನ್ನೆಯ ಕೆಳಗೂ ಇಳಿಯುವ, ನೂರರ ಮೇಲೂ ಏರುವ ಅಣೆಕಟ್ಟು ಇದು.

ಲೆಕ್ಕ ಹೀಗಿದೆ. ಉಜನಿಯ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಅದರಲ್ಲಿ 63.66 ಟಿಎಂಸಿ ತಳದ ಮೃತ ಸಂಗ್ರಹ, ಮೇಲಿನ 53.57 ಟಿಎಂಸಿ ಬಳಕೆಯ ಸಂಗ್ರಹ. ಶೇಕಡಾವಾರು ಎಣಿಸುವುದು ಬಳಕೆಯ ನೀರನ್ನು ಮಾತ್ರ. ಅದು ಮುಗಿದರೆ ಸೊನ್ನೆ. ಅಲ್ಲಿಂದ ಕೆಳಗೆ ಮೃತ ಸಂಗ್ರಹಕ್ಕೆ ಕೈ ಹಾಕಿದಷ್ಟೂ ಮೈನಸ್. 2024ರ ಬೇಸಿಗೆಯ ಕೊನೆಯಲ್ಲಿ ಅದು ಮೈನಸ್ 60ರ ಹತ್ತಿರ ಹೋಗಿತ್ತು. ಅಷ್ಟಾದರೂ ಜಲಾಶಯದಲ್ಲಿ 30 ಟಿಎಂಸಿಗಿಂತ ಹೆಚ್ಚು ನೀರಿತ್ತು. ಇನ್ನೊಂದು ಮಾತು: ಉಜನಿಯಲ್ಲಿ ‘ಸೊನ್ನೆ’ ಎನ್ನುವ ದಿನ ಉಳಿದಿರುವ ನೀರು, ಕೃಷ್ಣರಾಜಸಾಗರ ಅಂಚಿನವರೆಗೆ ತುಂಬಿದಾಗ ಇರುವ 49.45 ಟಿಎಂಸಿಗಿಂತ ಹೆಚ್ಚು.

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿಗೆ ತಿರುಗಿಸಿದರೆ 2,831 ಕೋಟಿ. ಇಷ್ಟು ಲೀಟರನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಹತ್ತು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ 28 ಲಕ್ಷ ಟ್ಯಾಂಕರ್ ಬೇಕು ಎಂದು ಹೇಳಬಹುದು. ಆದರೆ ಅದು ಒಂದು ಅರಿಯದ ಸಂಖ್ಯೆಯ ಜಾಗಕ್ಕೆ ಇನ್ನೊಂದು ಅರಿಯದ ಸಂಖ್ಯೆಯನ್ನು ತಂದು ಕೂರಿಸಿದಂತೆ. ದಂಡೆಯ ರೈತ ಹಾಗೆ ಎಣಿಸುವುದಿಲ್ಲ. ಒಂದು ಟಿಎಂಸಿ ಎಂದರೆ ಸುಮಾರು 23 ಸಾವಿರ ಎಕರೆಯ ಮೇಲೆ ಒಂದು ಅಡಿ ನೀರು. ಸುಮಾರು 11,574 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ಈ ಸೂತ್ರ ಗೊತ್ತಿಲ್ಲದವನಿಗೂ ಅದರ ಫಲ ಗೊತ್ತು. ಸೊಲ್ಲಾಪುರ ನಗರದ ಕುಡಿಯುವ ನೀರಿಗೆಂದು ಉಜನಿಯಿಂದ ಭೀಮೆಗೆ ಬಿಟ್ಟ ನೀರು ಕೆಳಗೆ ಔಜ, ಚಿಂಚಪುರ ಬಂಧಾರಗಳಲ್ಲಿ ನಿಲ್ಲುತ್ತದೆ. ಹಾಗೆ ಬಂದ ನೀರು ಎಷ್ಟು ದಿನ ನಿಂತೀತು, ತನ್ನ ಮೋಟರ್ ಎಷ್ಟು ದಿನ ಓಡೀತು, ಕಬ್ಬಿಗೆ ಇನ್ನೆಷ್ಟು ಪಾಳಿ ಸಿಕ್ಕೀತು ಎಂಬುದೇ ಅವನ ಟಿಎಂಸಿ. ಅವನು ಆ ದೈತ್ಯ ಸಂಖ್ಯೆಯನ್ನು ಭಾಗಿಸಿ ತನ್ನ ಹೊಲದ ಬದುವಿಗೆ ತಂದಿದ್ದಾನೆ.

ದೊಡ್ಡ ಸಂಖ್ಯೆಯ ಜೊತೆ ಮನುಷ್ಯ ಮಾಡುವ ಎರಡು ಕೆಲಸಗಳಲ್ಲಿ ಇದು ಒಂದು. ಇನ್ನೊಂದು, ಸಂಖ್ಯೆಯನ್ನು ಹಿಗ್ಗಿಸುತ್ತ ಹೋಗಿ ಅದಕ್ಕೊಂದು ಹೆಸರಿಡುವುದು. ಆ ಎರಡನೆಯ ಕೆಲಸದ ಒಂದು ದೊಡ್ಡ ಕೇಂದ್ರವೂ ಇದೇ ಭೀಮೆಯ ಸೀಮೆಯಲ್ಲಿತ್ತು.

ಮಳಖೇಡದ ಇಪ್ಪತ್ತನಾಲ್ಕು ಸ್ಥಾನ

ಭೀಮೆ ಕಲಬುರಗಿ ಜಿಲ್ಲೆಗೆ ಇಳಿದ ಮೇಲೆ ಕಾಗಿಣಾ ನದಿ ಬಂದು ಸೇರುತ್ತದೆ. ಆ ಕಾಗಿಣಾ ದಂಡೆಯ ಮೇಲಿದೆ ಸೇಡಂ ತಾಲ್ಲೂಕಿನ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಆ ಗ್ರಂಥದ ಆರಂಭದಲ್ಲೇ ಆ ರಾಜನ ಸ್ತುತಿಯಿದೆ. ಗ್ರಂಥ ಸಂಸ್ಕೃತದ್ದು. ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜದ ಜೈನ ಮಠ 2000ದಲ್ಲಿ ಹೊರತಂದಿತು.

ಮಹಾವೀರ ಒಂದರ ಮುಂದೆ ಸೊನ್ನೆ ಸೇರಿಸುತ್ತ 24 ಸ್ಥಾನಗಳಿಗೆ ಹೆಸರು ಕೊಡುತ್ತಾನೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ ಎಂಬಲ್ಲಿಯವರೆಗೆ ನಮಗೂ ಪರಿಚಿತ ದಾರಿ. ಆಮೇಲೆ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ. ಕೊನೆಗೆ ಮಹಾಕ್ಷೋಭ, ಅಂದರೆ ಒಂದರ ಮುಂದೆ 23 ಸೊನ್ನೆ.

ಈ ಮನುಷ್ಯನಿಗೆ ದೊಡ್ಡ ಸಂಖ್ಯೆ ಬರೀ ಪಟ್ಟಿಯಾಗಿರಲಿಲ್ಲ, ಆಟವೂ ಆಗಿತ್ತು. ಗುಣಿಸಿದರೆ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಸಂಖ್ಯೆಗಳನ್ನು ಅವನು ಹುಡುಕಿ ಪೋಣಿಸಿದ್ದಾನೆ. 2,79,94,681ನ್ನು 441ರಿಂದ ಗುಣಿಸಿ ನೋಡಿ: 12345654321. 1,52,207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು: 11111111. ಕಾಗದವೂ ಇಲ್ಲದ ಕಾಲದಲ್ಲಿ ಇಷ್ಟು ಉದ್ದದ ಗುಣಾಕಾರವನ್ನು ಸಂತೋಷಕ್ಕಾಗಿ ಮಾಡುವವರಿದ್ದರು.

ಆದರೆ ಆ 24 ಹೆಸರುಗಳಲ್ಲಿ ಇಂದು ಜನರ ನಾಲಿಗೆಯ ಮೇಲಿರುವುದು ಕೋಟಿಯವರೆಗಿನವು ಮಾತ್ರ. ಉಳಿದವು ಏಕೆ ಸತ್ತವು? ಒಂದು ಕಾರಣ, ಶಾಸ್ತ್ರಕಾರರೇ ಒಪ್ಪಂದಕ್ಕೆ ಬರಲಿಲ್ಲ. ಮಹಾವೀರನ ಖರ್ವಕ್ಕೆ 12 ಸೊನ್ನೆ. ಮೂರು ಶತಮಾನದ ನಂತರ ಬಂದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಖರ್ವಕ್ಕೆ ಹತ್ತೇ ಸೊನ್ನೆ. ಇಂದಿನ ಹಿಂದಿಯ ಖರಬ್‌ಗೆ ಹನ್ನೊಂದು. ಇನ್ನೊಂದು ಕಾರಣ, ಬಳಕೆ. ಮಹಾಶಂಖ ಹೊನ್ನಿನ ವ್ಯಾಪಾರ ಯಾವ ಪೇಟೆಯಲ್ಲೂ ನಡೆಯಲಿಲ್ಲ. ವ್ಯಾಪಾರವಿಲ್ಲದ ಸಂಖ್ಯೆಯ ಹೆಸರು ತಪ್ಪಿದರೂ ಯಾರಿಗೂ ನಷ್ಟವಿಲ್ಲ, ಹಾಗಾಗಿ ತಿದ್ದುವವರೂ ಇಲ್ಲ. ಮರಾಠಿ ಪತ್ರಿಕೆಗಳು ನೂರು ಕೋಟಿಗೆ ‘ಅಬ್ಜ’ ಎಂಬುದನ್ನು ಇನ್ನೂ ಉಳಿಸಿಕೊಂಡಿವೆ. ಕನ್ನಡ ಪತ್ರಿಕೆಗಳು ‘ಲಕ್ಷ ಕೋಟಿ’ಗೆ ಬಂದು ನಿಂತಿವೆ. ಮಹಾವೀರನ ಪ್ರಕಾರ ಅದು ಒಂದು ಖರ್ವ. ನಾವು ಆ ಹೆಸರನ್ನು ಬಿಟ್ಟು, ಗೊತ್ತಿರುವ ಎರಡು ಹೆಸರುಗಳನ್ನೇ ಗುಣಿಸಿ ಇಟ್ಟುಕೊಂಡೆವು.

ಎಂಬತ್ನಾಲ್ಕು ಲಕ್ಷದ ಮೆಟ್ಟಿಲು

ಮಳಖೇಡದಲ್ಲಿ ಇಷ್ಟು ಸೊನ್ನೆಗಳ ಅಗತ್ಯ ಯಾರಿಗಿತ್ತು? ಮಹಾವೀರಾಚಾರ್ಯ ಜೈನ, ಉತ್ತರ ಜೈನ ಆಗಮಗಳಲ್ಲಿದೆ. ಜೈನರು ಕಾಲವನ್ನು ಅಳೆದ ಬಗೆ ಜಗತ್ತಿನಲ್ಲೇ ಅಪರೂಪದ್ದು. ಅವರ ಒಂದು ‘ಪೂರ್ವಾಂಗ’ ಎಂದರೆ 84 ಲಕ್ಷ ವರ್ಷ. 84 ಲಕ್ಷ ಪೂರ್ವಾಂಗ ಸೇರಿದರೆ ಒಂದು ‘ಪೂರ್ವ’, ಅಂದರೆ 70 ಲಕ್ಷ 56 ಸಾವಿರ ಕೋಟಿ ವರ್ಷ. ಪಂಪ 941ರಲ್ಲಿ ‘ಆದಿಪುರಾಣ’ ಬರೆದು ಕನ್ನಡಕ್ಕೆ ತಂದ ಆದಿನಾಥನ ಆಯುಷ್ಯ, ಜೈನ ಪರಂಪರೆಯ ಪ್ರಕಾರ, ಅಂಥ 84 ಲಕ್ಷ ಪೂರ್ವ. ಹೀಗೆ 84 ಲಕ್ಷದಿಂದ ಗುಣಿಸುತ್ತ ಗುಣಿಸುತ್ತ 28ನೆಯ ಮೆಟ್ಟಿಲಲ್ಲಿ ನಿಲ್ಲುವ ಸಂಖ್ಯೆಯ ಹೆಸರು ‘ಶೀರ್ಷಪ್ರಹೇಲಿಕಾ’. ಅದನ್ನು ಬರೆದರೆ 194 ಅಂಕಿಗಳಾಗುತ್ತವೆ.

ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ಗಣಿತಜ್ಞ ಎಡ್ವರ್ಡ್ ಕಾಸ್ನರ್ ಇಪ್ಪತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದ ‘ಗೂಗಲ್’ ಎಂಬ ಸಂಖ್ಯೆಗೆ ನೂರು ಸೊನ್ನೆ. ಆ ಹೆಸರಿಟ್ಟದ್ದು ಅವನ ಪುಟ್ಟ ಸೋದರಳಿಯ. ಇಂದಿನ ಸರ್ಚ್ ಕಂಪನಿಗೆ ಹೆಸರು ಬಂದದ್ದು ಅದರಿಂದಲೇ. ಜೈನರ ಸಂಖ್ಯೆ ಅದಕ್ಕಿಂತ ಸುಮಾರು ತೊಂಬತ್ತಮೂರು ಸೊನ್ನೆ ಮುಂದೆ. ಗ್ರೀಕರ ಆರ್ಕಿಮಿಡೀಸನೂ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಇಡೀ ವಿಶ್ವವನ್ನು ಮರಳಿನಿಂದ ತುಂಬಿದರೆ ಎಷ್ಟು ಕಣ ಹಿಡಿಸೀತು ಎಂದು ಲೆಕ್ಕ ಹಾಕಿದ್ದ. ಅವನ ಉತ್ತರ ಒಂದರ ಮುಂದೆ 63 ಸೊನ್ನೆಯೊಳಗೆ ಮುಗಿಯುತ್ತದೆ.

ಹೆಸರುಗಳೂ ಸೋತಾಗ ಜೈನರು ಇನ್ನೊಂದು ಉಪಾಯ ಹೂಡಿದರು. ಒಂದು ಯೋಜನ ಅಗಲ, ಒಂದು ಯೋಜನ ಆಳದ ಗುಂಡಿ. ಅದರ ತುಂಬ ಎಳೆಗುರಿಯ ಕೂದಲಿನ ಅತಿ ಸಣ್ಣ ತುಣುಕುಗಳನ್ನು ಒತ್ತಿ ತುಂಬಬೇಕು. ನೂರು ವರ್ಷಕ್ಕೆ ಒಂದರಂತೆ ತೆಗೆಯಬೇಕು. ಗುಂಡಿ ಬರಿದಾಗುವ ಕಾಲ ಒಂದು ‘ಪಲ್ಯೋಪಮ’. ಅಂಥ ಹತ್ತು ಕೋಟಿ-ಕೋಟಿ ಸೇರಿದರೆ ಒಂದು ‘ಸಾಗರೋಪಮ’. ಇಲ್ಲಿ ಸೊನ್ನೆಗಳನ್ನು ಎಣಿಸುವ ಗೋಜಿಲ್ಲ. ಇಷ್ಟು ಹಿಡಿಯುವ ಗುಂಡಿ, ಇಷ್ಟು ವೇಗದಲ್ಲಿ ಖಾಲಿ. ಜೋಳ ತುಂಬಿದ ಹಗೇವು ಮನೆಮಂದಿಗೆ ಎಷ್ಟು ತಿಂಗಳು ಬಂದೀತೆಂದು ಅಂದಾಜು ಮಾಡುವ ಹೆಣ್ಣುಮಕ್ಕಳಿಗೆ ಈ ಯುಕ್ತಿ ಹೊಸದೇನಲ್ಲ. ಗುಣಿಸಿ ಗುಣಿಸಿ ಆಕಾಶಕ್ಕೇರಿದ ಶಾಸ್ತ್ರ ಕೊನೆಗೆ ನೆಲದ ಗುಂಡಿಗೇ ಇಳಿದು ಬಂತು.

ಎಣಿಸಬಹುದಾದದ್ದು, ಎಣಿಸಲಾಗದ್ದು, ಕೊನೆಯೇ ಇಲ್ಲದ್ದು ಎಂಬ ಮೂರು ಬೇರೆ ಬೇರೆ ಎಂದು ಅವರು ಸ್ಪಷ್ಟವಾಗಿ ವಿಂಗಡಿಸಿದ್ದರು: ಸಂಖ್ಯಾತ, ಅಸಂಖ್ಯಾತ, ಅನಂತ. ಎಷ್ಟೇ ದೊಡ್ಡ ಸಂಖ್ಯೆಯಾದರೂ ಅದು ಅನಂತವಲ್ಲ ಎಂಬ ಎಚ್ಚರ ಅದರಲ್ಲಿದೆ. ಇಂದು ನಮ್ಮಲ್ಲಿ ಅನೇಕರಿಗೆ ‘ಲಕ್ಷ ಕೋಟಿ’ ಎಂದರೆ ‘ಲೆಕ್ಕವಿಲ್ಲದಷ್ಟು’ ಎಂದೇ ಅರ್ಥ. ಆ ಎಚ್ಚರ ತಪ್ಪಿದೆ.

ನಾಡಿನ ಹೆಸರಿಗೆ ಸಂಖ್ಯೆಯ ಬಾಲ

ಗುಣಾಕಾರ ಅರಮನೆಗೂ ಬೇಕಿತ್ತು. ಶಾಸನಗಳಲ್ಲಿ ಈ ಸೀಮೆಯ ನಾಡುಗಳ ಹೆಸರು ನೋಡಿ: ತರ್ದವಾಡಿ 1000, ಕರಹಾಡ 4000, ಬನವಾಸಿ 12000, ಗಂಗವಾಡಿ 96000. ತರ್ದವಾಡಿ ಎಂದರೆ ಹೊಳೆಯಾಚೆ, ಇಂದಿನ ವಿಜಯಪುರ ಜಿಲ್ಲೆಯ ತಡ್ಡೇವಾಡಿ. ಚೋಳರ ಶಾಸನಗಳು ಚಾಲುಕ್ಯರ ಇಡೀ ರಾಜ್ಯವನ್ನು ‘ಏಳೂವರೆ ಲಕ್ಷದ ರಟ್ಟಪಾಡಿ’ ಎಂದು ಕರೆದವು. ಈ ಅಂಕಿಗಳು ಹಳ್ಳಿಗಳ ಲೆಕ್ಕವೋ, ಕಂದಾಯದ್ದೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ಮುಗಿದಿಲ್ಲ. ಗೆದ್ದ ನಾಡಿನ ಅಂಕಿ ದೊಡ್ಡದಾದಷ್ಟೂ ಗೆದ್ದವನ ಬಿರುದೂ ದೊಡ್ಡದು ಎಂಬುದರಲ್ಲಂತೂ ಸಂಶಯವಿಲ್ಲ.

ಭಕ್ತಿಯ ಲೋಕದಲ್ಲೂ ಇದೇ ಕ್ರಮ. ಸೊನ್ನಲಿಗೆಯ ಸಿದ್ಧರಾಮ ಸೊಲ್ಲಾಪುರದ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದನೆಂಬುದು ಪರಂಪರೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು ಇಂದಿಗೂ ಆ ಲಿಂಗಗಳ ಪ್ರದಕ್ಷಿಣೆ ಮಾಡುತ್ತವೆ. ಅವನು ಹಾಡಿದ ವಚನಗಳೆಷ್ಟು ಎಂದರೆ 68 ಸಾವಿರ ಎನ್ನುತ್ತಾರೆ. ಇಂದು ಸಿಕ್ಕಿರುವುದು ಎರಡು ಸಾವಿರದೊಳಗೆ. ಲಿಂಗಕ್ಕೊಂದು ಸಾವಿರದಂತೆ ಆ ಅಂಕಿ ಹೊಂದುವುದನ್ನು ಗಮನಿಸಿ. ಕಲ್ಯಾಣದ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು, ವೇದದ 33 ದೇವತೆಗಳು ಜನರ ಬಾಯಲ್ಲಿ 33 ಕೋಟಿಯಾದದ್ದು, ಎಲ್ಲವೂ ಒಂದೇ ಜಾತಿಯವು. ಕೈಗೆ ಸಿಕ್ಕುವ ಒಂದು ಸಣ್ಣ ಸಂಖ್ಯೆ, ಅದಕ್ಕೊಂದು ಸಾವಿರವೋ ಕೋಟಿಯೋ ಗುಣಕ. ಕೇಳಿದವರು ಅದನ್ನು ಪರಿಶೀಲಿಸಲು ಹೋಗುವುದಿಲ್ಲ, ಕೈ ಮುಗಿಯುತ್ತಾರೆ. ಮಹಿಮೆಯ ಕೆಲಸ ಅಲ್ಲಿಗೆ ಮುಗಿಯಿತು.

ಭಂಡಾರಕವಠೆಯ ತಾಲ್ಲೂಕಿನದೇ ಹತ್ತರಸಂಗ ಕೂಡಲದಲ್ಲಿ, ಸೀನಾ ಮತ್ತು ಭೀಮಾ ಸೇರುವ ಜಾಗದಲ್ಲಿ, ಇದಕ್ಕೆ ಒಂದು ಕಲ್ಲಿನ ಉತ್ತರವಿದೆ. ಶಕ 940ರ, ಅಂದರೆ ಕ್ರಿ.ಶ. 1018ರ ಮರಾಠಿ ಶಾಸನದಿಂದ ಹೆಸರಾದ ಊರು ಅದು. ಅಲ್ಲಿನ ಹರಿಹರೇಶ್ವರ ಗುಡಿಯ ಬಳಿ ಸಿಕ್ಕ ಬಹುಮುಖಿ ಶಿವಲಿಂಗದ ಮೇಲೆ 359 ಮುಖಗಳಿವೆ. ಲಿಂಗವನ್ನೂ ಒಂದೆಂದು ಸೇರಿಸಿ 360 ಎನ್ನುವವರಿದ್ದಾರೆ. ‘ಸಾವಿರ ಮುಖ’ ಎಂದು ಹಾಡುವುದು ಸುಲಭ. ಉಳಿ ಹಿಡಿದವನಿಗೆ ಪ್ರತಿಯೊಂದು ಮುಖವೂ ಒಂದಿಷ್ಟು ದಿನದ ದುಡಿಮೆ. ಕಲ್ಲುಕುಟಿಗ ಮುನ್ನೂರೈವತ್ತೊಂಬತ್ತನ್ನು ಅರಿತಷ್ಟು ಆಳವಾಗಿ ಕವಿ ಕೋಟಿಯನ್ನು ಅರಿತಿರಲಾರ.

ಒಂದು ಕೋಟಿ ಎಂದರೆ ಒಂದು ಆಯುಷ್ಯ

ದುಡಿಮೆಯಿಂದ ಅಳೆದರೆ ಒಂದು ಕೋಟಿ ಎಷ್ಟಾಗುತ್ತದೆ? ಸೊಲ್ಲಾಪುರದ ಬೀಡಿ ಕಟ್ಟುವ ಹೆಂಗಸರನ್ನು ಕೇಳಬೇಕು. ಅಲ್ಲಿ ಕೂಲಿ ಗಂಟೆಗಲ್ಲ, ಸಾವಿರ ಬೀಡಿಗೆ ಇಷ್ಟು ಎಂದು. ಪಳಗಿದ ಕೈಗೆ ದಿನಕ್ಕೆ ಸುಮಾರು ಒಂದು ಸಾವಿರ. ವರ್ಷಕ್ಕೆ ಮುನ್ನೂರು ದಿನ ಕೂತರೆ ಮೂರು ಲಕ್ಷ. ಕೋಟಿ ಮುಟ್ಟಲು 33 ವರ್ಷ, 4 ತಿಂಗಳು. ಇಪ್ಪತ್ತಕ್ಕೆ ತಂಬಾಕಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಹುಡುಗಿ ಕೋಟಿಯನ್ನು ಕಾಣುವ ಹೊತ್ತಿಗೆ ಐವತ್ತು ದಾಟಿದ ಅಜ್ಜಿ. ಒಂದು ಲಕ್ಷ ಅವಳಿಗೆ ನೂರು ದಿನ. ಹತ್ತು ಕೋಟಿ ಬೀಡಿ ಹತ್ತು ಹೆಂಗಸರ ಬದುಕು.

ಅಕ್ಕಲಕೋಟ, ಗಾಣಗಾಪುರ, ಪಂಢರಪುರಗಳ ನಡುವಿನ ಈ ಸೀಮೆಯಲ್ಲಿ ಜಪದ ಲೆಕ್ಕವೂ ಮನೆಮಾತು. ಸಮರ್ಥ ರಾಮದಾಸರು ನಾಸಿಕದ ಬಳಿಯ ಟಾಕಳಿಯಲ್ಲಿ 12 ವರ್ಷ ಕೂತು ರಾಮಮಂತ್ರವನ್ನು 13 ಕೋಟಿ ಸಲ ಜಪಿಸಿದರೆಂಬುದು ಪರಂಪರೆ. ಭಾಗಿಸಿ ನೋಡಿದರೆ ದಿನಕ್ಕೆ ಮೂವತ್ತು ಸಾವಿರದ ಹತ್ತಿರ. ದಿನಕ್ಕೆ ಹನ್ನೆರಡು ತಾಸು ಕೂತರೂ ಒಂದೂವರೆ ಸೆಕೆಂಡಿಗೊಂದು ಮಂತ್ರ. ಭಾಗಿಸಿದ ಮೇಲೆ ಆ ಸಾಧನೆಯ ಕಠೋರತೆ ಹೆಚ್ಚು ತಟ್ಟುತ್ತದೆ. ಜಪಮಾಲೆಯಲ್ಲಿ ಮಣಿ 108, ಲೆಕ್ಕಕ್ಕೆ ಹಿಡಿಯುವುದು ನೂರು, ಎಂಟು ತಪ್ಪು-ಒಪ್ಪಿಗೆ. ಕೋಟಿಯತ್ತ ಹೊರಟವರಿಗೆ ಶೇಕಡಾ ಎಂಟರಷ್ಟು ಅವಕಾಶ ಬಿಡಬೇಕೆಂಬುದು ಆಗಲೇ ಗೊತ್ತಿತ್ತು.

ದುಡಿಮೆ ನಮ್ಮದಾಗಿ, ಎಣಿಕೆ ನಿಸರ್ಗದ್ದಾದರೆ ಕೋಟಿ ಬೇಗ ಕೈಗೆ ಬರುತ್ತದೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಿಂದ ಹೆಸರಾದ ಮಾಲದಂಡಿ ಬಿಳಿಜೋಳದ ಸಾವಿರ ಕಾಳು ಸುಮಾರು 33 ಗ್ರಾಂ ತೂಗುತ್ತವೆ. ಅಂದರೆ ಕಿಲೋಗೆ ಮೂವತ್ತು ಸಾವಿರ ಕಾಳು. ಕ್ವಿಂಟಲ್ ತೂಕದ ಚೀಲಕ್ಕೆ ಮೂವತ್ತು ಲಕ್ಷ. ಮೂರು ಚೀಲ ದಾಟಿ ಇನ್ನೊಂದಿಷ್ಟು ಹಾಕಿದರೆ ಕೋಟಿ. ಹಿಂಗಾರಿಯಲ್ಲಿ ಒಂದೆರಡು ಎಕರೆ ಜೋಳ ಬಿತ್ತಿದವನು ಪ್ರತಿ ವರ್ಷ ಕೋಟ್ಯಧೀಶ, ಕಾಳಿನ ಲೆಕ್ಕದಲ್ಲಿ.

ತಲೆಯೊಳಗಿನ ಅಳತೆಗೋಲು

ಇಷ್ಟೆಲ್ಲ ಸರ್ಕಸ್ ಯಾಕೆ ಬೇಕು? ನಮ್ಮ ಮೆದುಳು ದೊಡ್ಡ ಸಂಖ್ಯೆಗೆ ಹೇಳಿ ಮಾಡಿಸಿದ್ದಲ್ಲ. ಐದು ಆಡಿಗೂ ಹತ್ತು ಆಡಿಗೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ನೂರೈದು, ನೂರಹತ್ತು ಒಂದೇ ಹಿಂಡು ಎನಿಸುತ್ತದೆ. ನಾವು ವ್ಯತ್ಯಾಸವನ್ನಲ್ಲ, ಎಷ್ಟು ಪಟ್ಟು ಎಂಬುದನ್ನು ಗ್ರಹಿಸುತ್ತೇವೆ. ಅಮೆಜಾನ್ ಕಾಡಿನ ಮುಂಡುರುಕು ಜನರ ನಡುವೆ ಸ್ಟಾನಿಸ್ಲಾಸ್ ದೆಹಾನ್ ಮತ್ತು ಸಂಗಡಿಗರು ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಒಂದರಿಂದ ಹತ್ತರವರೆಗಿನ ಗೆರೆಯ ಮೇಲೆ ಅವರು ಚಿಕ್ಕ ಸಂಖ್ಯೆಗಳಿಗೆ ಹೆಚ್ಚು ಜಾಗ ಕೊಟ್ಟರು, ದೊಡ್ಡವನ್ನು ಒತ್ತೊತ್ತಾಗಿ ಕೂರಿಸಿದರು. ಶಾಲೆಗೆ ಹೋಗುವ ಮೊದಲಿನ ಮಕ್ಕಳೂ ಹಾಗೇ ಮಾಡುತ್ತಾರೆ.

ಓದಿದವರು ಪಾರಾಗಿದ್ದಾರೆಯೇ? ಅಮೆರಿಕದಲ್ಲಿ ಡೇವಿಡ್ ಲ್ಯಾಂಡಿ ಮತ್ತಿತರರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಯಸ್ಕರ ಮುಂದೆ ಒಂದು ಗೆರೆ ಇಟ್ಟರು. ಒಂದು ತುದಿ ಸಾವಿರ, ಇನ್ನೊಂದು ತುದಿ ನೂರು ಕೋಟಿ. ಹತ್ತು ಲಕ್ಷ ಎಲ್ಲಿ ಬರುತ್ತದೆ? ಐವರಲ್ಲಿ ಇಬ್ಬರ ಮಟ್ಟಿಗೆ ಜನ ನಡುಮಧ್ಯಕ್ಕೆ ಬೆರಳಿಟ್ಟರು. ಅದು ಇರಬೇಕಾದದ್ದು ಸಾವಿರದ ತುದಿಗೆ ಅಂಟಿಕೊಂಡಂತೆ, ಗೆರೆಯ ಸಾವಿರದಲ್ಲೊಂದು ಪಾಲಿನಷ್ಟು ಆಚೆ.

ಈ ಪ್ರಯೋಗವನ್ನು ನಮ್ಮ ರಸ್ತೆಗೆ ತರೋಣ. ಸೊಲ್ಲಾಪುರದಿಂದ ವಿಜಯಪುರಕ್ಕೆ ಸುಮಾರು ನೂರು ಕಿಲೋಮೀಟರ್. ಸೊಲ್ಲಾಪುರ ಸೊನ್ನೆ, ವಿಜಯಪುರ ಒಂದು ಲಕ್ಷ ಕೋಟಿ ಎಂದು ಇಟ್ಟುಕೊಳ್ಳಿ. ಒಂದು ಕೋಟಿ ಎಲ್ಲಿ? ಸೊಲ್ಲಾಪುರ ಬಿಟ್ಟು ಒಂದು ಮೀಟರ್, ಬಸ್ಸಿನ ಚಕ್ರ ಅರ್ಧ ಸುತ್ತೂ ಉರುಳಿರುವುದಿಲ್ಲ. ಲಕ್ಷಾಧೀಶ ಒಂದು ಸೆಂಟಿಮೀಟರಿನಲ್ಲಿ ನಿಂತಿದ್ದಾನೆ. ನೂರು ಕೋಟಿಗೆ ನೂರು ಮೀಟರ್. ಈ ದಾರಿಯಲ್ಲಿ ಸಿಗುವ ಇನ್ನೊಂದು ಟಾಕಳಿಯ ಸೇತುವೆಯಲ್ಲಿ ಭೀಮೆಯನ್ನು ದಾಟುವ ಹೊತ್ತಿಗೆ ಮೂವತ್ತು ಸಾವಿರ ಕೋಟಿಯ ಆಸುಪಾಸು. ಹತ್ತು ಕೋಟಿಯ ಅವ್ಯವಹಾರಕ್ಕೂ ಹತ್ತು ಸಾವಿರ ಕೋಟಿಯ ಅವ್ಯವಹಾರಕ್ಕೂ ನಮಗೆ ಬರುವ ಸಿಟ್ಟು ಹೆಚ್ಚುಕಡಿಮೆ ಒಂದೇ. ರಸ್ತೆಯ ಮೇಲೆ ನೋಡಿದರೆ ಮೊದಲನೆಯದು ಬಸ್‌ಸ್ಟ್ಯಾಂಡಿನ ಒಳಗೇ ಇದೆ, ಎರಡನೆಯದು ಹತ್ತು ಕಿಲೋಮೀಟರ್ ದೂರ. 2010ರಲ್ಲಿ ಮಹಾಲೇಖಪಾಲರ ವರದಿ 2ಜಿ ತರಂಗಾಂತರದ ಅಂದಾಜು ನಷ್ಟ 1.76 ಲಕ್ಷ ಕೋಟಿ ಎಂದಾಗ ದೇಶವೆಲ್ಲ ಸೊನ್ನೆ ಎಣಿಸಿತು. 176ರ ಮುಂದೆ ಹತ್ತು ಸೊನ್ನೆ. ಎಣಿಸಿದ್ದಾಯಿತು, ಹಿಡಿದದ್ದು ಎಷ್ಟು ಜನ?

ಮಹಾರಾಷ್ಟ್ರದ ಬೀದಿಭಾಷೆ ಇದಕ್ಕೆ ತನ್ನದೇ ಮದ್ದು ಕಂಡುಕೊಂಡಿದೆ. ಲಕ್ಷಕ್ಕೆ ಪೇಟಿ, ಕೋಟಿಗೆ ಖೋಕಾ. ಎರಡೂ ಪೆಟ್ಟಿಗೆಗಳೇ. 2022ರಲ್ಲಿ ಶಿವಸೇನೆ ಒಡೆದಾಗ ಪಕ್ಷ ಬಿಟ್ಟ ಶಾಸಕರು ಹಣ ಪಡೆದರೆಂದು ಆರೋಪಿಸಿ ವಿರೋಧ ಪಕ್ಷದವರು ಐವತ್ತು ಖೋಕೆಯ ಘೋಷಣೆ ಕೂಗಿದ್ದು ಹಳ್ಳಿಹಳ್ಳಿಗೂ ಹಬ್ಬಿತು. ಆರೋಪ ನಿಜವೋ ಸುಳ್ಳೋ ಬೇರೆ ಮಾತು. ಐವತ್ತು ಕೋಟಿ ಎಂದಿದ್ದರೆ ಅದು ಅಷ್ಟು ದೂರ ಹೋಗುತ್ತಿರಲಿಲ್ಲ. ಐವತ್ತು ಪೆಟ್ಟಿಗೆಗಳನ್ನು ಮಾತ್ರ ಯಾರು ಬೇಕಾದರೂ ಕಣ್ಣ ಮುಂದೆ ಜೋಡಿಸಿಕೊಳ್ಳಬಹುದು.

ಗಡಿಯ ಮಕ್ಕಳ ಎರಡು ಮಗ್ಗಿ

ಭಂಡಾರಕವಠೆಯಂಥ ಊರಿನ ಮಗುವಿಗೆ ಎಣಿಕೆಯೇ ಎರಡು. ಮನೆಯಲ್ಲಿ ಇಪ್ಪತ್ತೊಂದು, ಅಂಗಡಿಯಲ್ಲಿ ಏಕವೀಸ. ಕನ್ನಡ ಮೊದಲು ಇಪ್ಪತ್ತು ಹೇಳಿ ಆಮೇಲೆ ಒಂದನ್ನು ಹೇಳುತ್ತದೆ, ಬರೆಯುವ ಕ್ರಮವೂ ಅದೇ. ಮರಾಠಿ ಒಂದನ್ನು ಮೊದಲು ಹೇಳುತ್ತದೆ. 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ ‘ಏಕವೀಸ’ದ ಜೊತೆಗೆ ‘ವೀಸ ಏಕ’ ಎಂಬ ರೀತಿಯನ್ನೂ ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೆದ್ದಿತು. ಗಣಿತ ಸಮಿತಿಯ ಮುಖ್ಯಸ್ಥೆ ಮಂಗಲಾ ನಾರಳೀಕರ ಅದನ್ನು ಸಮರ್ಥಿಸಿಕೊಳ್ಳುತ್ತ, ದಕ್ಷಿಣದ ಭಾಷೆಗಳಲ್ಲಿ ಎಣಿಕೆ ಹೀಗೇ ನೇರವಾಗಿದೆ ಎಂದಿದ್ದರು. ಸೊಲ್ಲಾಪುರದ ಕನ್ನಡ ಮನೆಗಳಿಗೆ ಅದು ಸುದ್ದಿಯೇ ಅಲ್ಲ.

ಕೊಡುಕೊಳ್ಳುವಿಕೆ ಒಮ್ಮುಖವೂ ಅಲ್ಲ. ಸವಾ ಲಕ್ಷ, ದೀಡ ಲಕ್ಷ, ಅಡೀಚ ಕೋಟಿ ಎಂಬವನ್ನು ಮರಾಠಿಯಿಂದ ಪಡೆದು ಉತ್ತರದ ಕನ್ನಡ ತನ್ನದಾಗಿಸಿಕೊಂಡಿದೆ. ಒಂದು ಲಕ್ಷ ಐವತ್ತು ಸಾವಿರ ಎನ್ನುವ ಕಡೆ ‘ದೀಡ ಲಕ್ಷ’ ಸಾಕು. ವ್ಯಾಪಾರಿಯ ಬಾಯಿಗೆ ಸಣ್ಣ ಮಾತು ಬೇಕು. ಪದ್ಮ, ಕ್ಷೋಣಿಗಳು ಸತ್ತು ಸವಾ, ದೀಡಗಳು ಬದುಕಿದ್ದು ಆ ಕಾರಣಕ್ಕೇ. ದಿನಕ್ಕೆ ಹತ್ತು ಸಲ ಅವುಗಳ ಕೆಲಸ ಬೀಳುತ್ತದೆ.

ಭಾಜಕ ಕೊಡಿ

ಈಗ ಮುಂಬೈಯ ಅಂಕಿಗೆ ಬರೋಣ. 2025-26ಕ್ಕೆ ಮಹಾರಾಷ್ಟ್ರ ಸರ್ಕಾರ ಮಂಡಿಸಿದ ಬಜೆಟ್ಟಿನ ಗಾತ್ರ ಏಳು ಲಕ್ಷ ಕೋಟಿ ರೂಪಾಯಿ. ರೂಪಾಯಿಗೊಂದು ಲೀಟರಿನಂತೆ ನೀರಾಗಿಸಿದರೆ ಅದು ಉಜನಿಯನ್ನು ಎರಡು ಸಲ ತುಂಬಿ ಇನ್ನೂ ಹೊರಚೆಲ್ಲುತ್ತದೆ. ಬೆಂಗಳೂರಿನಲ್ಲಿ 2023ರ ಜುಲೈನಲ್ಲಿ ಮಂಡನೆಯಾದ 3.27 ಲಕ್ಷ ಕೋಟಿಯ ಕರ್ನಾಟಕ ಬಜೆಟ್ ಹೆಚ್ಚುಕಡಿಮೆ ಒಂದು ತುಂಬಿದ ಉಜನಿ. ಕೇಳಲು ಚೆನ್ನಾಗಿದೆ. ಆದರೆ ಇದೂ ಮಹಿಮೆಯ ಲೆಕ್ಕವೇ, ‘ಏಳೂವರೆ ಲಕ್ಷದ ರಟ್ಟಪಾಡಿ’ಯ ಇಂದಿನ ರೂಪ.

ಭಾಗಿಸಿದಾಗ ಮಾತು ಬದಲಾಗುತ್ತದೆ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಜನ 11.24 ಕೋಟಿ. ಆ ಅಂಕಿಯಿಂದಲೇ ಭಾಗಿಸಿದರೆ ತಲೆಗೆ ಸುಮಾರು 62 ಸಾವಿರ ರೂಪಾಯಿ. ಐದು ಜನರ ಮನೆಗೆ ಮೂರು ಲಕ್ಷದ ಮೇಲೆ. ಈಗ ಭಂಡಾರಕವಠೆಯ ಯಾರಾದರೂ ಕೇಳಬಹುದು: ನಮ್ಮ ಮನೆಯ ಪಾಲಿನ ಮೂರು ಲಕ್ಷದಲ್ಲಿ ರಸ್ತೆಗೆ ಎಷ್ಟು ಹೋಯಿತು, ಕನ್ನಡ ಶಾಲೆಗೆ ಎಷ್ಟು, ಸಾಲದ ಬಡ್ಡಿಗೆ ಎಷ್ಟು? ಏಳು ಲಕ್ಷ ಕೋಟಿಯ ಎದುರು ಯಾರೂ ಬಾಯಿ ತೆರೆಯುವುದಿಲ್ಲ. ಮೂರು ಲಕ್ಷದ ಎದುರು ಯಾರ ಬಾಯಿಯೂ ಮುಚ್ಚುವುದಿಲ್ಲ.

ಕಬ್ಬು ಬೆಳೆಯುವವರು ಇದನ್ನು ಎಂದೋ ಕಲಿತಿದ್ದಾರೆ. ದಿನಕ್ಕೆ ಐದು ಸಾವಿರ ಟನ್ ಅರೆಯುವ ಯಾವುದೇ ಕಾರ್ಖಾನೆ 150 ದಿನ ನಡೆದರೆ ಏಳೂವರೆ ಲಕ್ಷ ಟನ್ ಗಾಳಪ. ಟನ್ನಿಗೆ ಮೂರು ಸಾವಿರದಂತೆ ಕೊಡಬೇಕಾದ ಹಣ 225 ಕೋಟಿ. ರೈತ ಆ 225 ಕೋಟಿಯನ್ನು ತಲೆಯ ಮೇಲೆ ಹೊರುವುದಿಲ್ಲ. ಅವನಿಗೆ ಬೇಕಾದ್ದು ಮೂರು ಅಂಕಿ: ಕಾಟಾದಲ್ಲಿ ಬಂದ ಟನ್, ಸಕ್ಕರೆಯ ಉತಾರಾ ಅಂದರೆ ಇಳುವರಿ, ಟನ್ನಿಗೆ ದರ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ), ಶೇ 10.25ರ ಇಳುವರಿಗೆ, ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಶೇ 0.1 ಏರಿದರೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಹೆಚ್ಚು. ಆ 46 ಪೈಸೆಯವರೆಗೂ ಬೆನ್ನಟ್ಟಿ ಹೋಗುವ ರೈತರ ಚಳವಳಿಗಳು ಈ ಸೀಮೆಯಲ್ಲಿ ನಡೆದಿವೆ. ನೂರಾರು ಕೋಟಿಯ ಉದ್ಯಮವನ್ನು ಪ್ರಶ್ನಿಸುವ ಶಕ್ತಿ ಪೈಸೆಯ ಲೆಕ್ಕದಿಂದ ಬಂದದ್ದು.

ಮಹಾವೀರಾಚಾರ್ಯನ ಹೆಸರುಗಳ ಸಾಲು ಅದ್ಭುತ, ಆದಿನಾಥನ ಆಯುಷ್ಯದ ಸೊನ್ನೆಗಳು ಭವ್ಯ. ಅವು ಮನುಷ್ಯನ ಕಲ್ಪನೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ತೋರಿಸಿದವು, ಅದೇ ಅವುಗಳ ಕೆಲಸವಾಗಿತ್ತು. ಸರ್ಕಾರದ ಅಂಕಿಗೆ ಆ ಕೆಲಸವಿಲ್ಲ, ಅದು ಜನರಿಗೆ ಅರ್ಥವಾಗಬೇಕು. ಮಂತ್ರಿಗಳು ವಿಧಾನಸಭೆಯಲ್ಲಿ, ಪತ್ರಿಕೆಗಳು ತಲೆಬರಹದಲ್ಲಿ, ಗ್ರಾಮಸೇವಕರು ಗ್ರಾಮಸಭೆಯಲ್ಲಿ ಕೋಟಿಯ ಮಾತಾಡುವಾಗ ಅದನ್ನು ಯಾವುದರಿಂದ ಭಾಗಿಸಬೇಕು ಎಂಬುದನ್ನೂ ಒಂದೇ ಉಸಿರಿಗೆ ಹೇಳಲಿ: ಎಷ್ಟು ಮನೆ, ಎಷ್ಟು ಎಕರೆ, ಎಷ್ಟು ಮಕ್ಕಳು, ಎಷ್ಟು ದಿನ. ಅವರು ಹೇಳದಿದ್ದರೆ ಕೇಳುವುದು ನಮ್ಮ ಪಾಳಿ.